ಅಗ್ಗದ ತಂತ್ರಜ್ಞಾನ: ಯಾರ ಲೆಕ್ಕದಲ್ಲಿ ಅಗ್ಗ?

ವಿಜ್ಞಾನ ವಸ್ತುಪ್ರದರ್ಶನಗಳಿಗೆ ತೀರ್ಪುಗಾರನಾಗಿ ಹೋದಾಗಲೆಲ್ಲ ಒಂದು ಬಗೆಯ ಮಾದರಿ ತಪ್ಪದೆ ಕಾಣಸಿಗುತ್ತದೆ. ಹಳೆಯ ಡಬ್ಬ, ಸೈಕಲ್ಲಿನ ಬಿಡಿಭಾಗ, ಕನ್ನಡಿಯ ಚೂರು ಮುಂತಾದವುಗಳಿಂದ ತಯಾರಿಸಿದ ಯಾವುದೋ ಒಂದು ಸಾಧನ. ಅದರ ಪಕ್ಕದಲ್ಲಿ 'ಬಡವರಿಗಾಗಿ ಕಡಿಮೆ ವೆಚ್ಚದ ತಂತ್ರಜ್ಞಾನ' ಎಂಬ ಫಲಕ. ವಿದ್ಯಾರ್ಥಿಗಳು ಉತ್ಸಾಹದಿಂದ ವಿವರಿಸುತ್ತಾರೆ. ಎಷ್ಟು ಖರ್ಚಾಯಿತು ಎಂದು ನಾವು ಕೇಳುತ್ತೇವೆ. ಉತ್ತರ ಚಿಕ್ಕದಾಗಿದ್ದಷ್ಟೂ ಅಂಕ ಹೆಚ್ಚುತ್ತದೆ.

ಈ ಪದ್ಧತಿಯ ಬಗ್ಗೆ ನನಗೆ ಸಂದೇಹ ಹುಟ್ಟಲು ನನ್ನದೇ ಒಂದು ತಪ್ಪು ಕಾರಣ. 1990ರ ದಶಕದ ಕೊನೆಯಲ್ಲಿ, ಆಗತಾನೆ ಅಧ್ಯಾಪಕನಾಗಿದ್ದ ನಾನು, ವಿದ್ಯಾರ್ಥಿಗಳೊಡನೆ ಸೇರಿ ಪೆಟ್ಟಿಗೆ ಮಾದರಿಯ ಸೌರ ಒಲೆಯೊಂದನ್ನು ತಯಾರಿಸಿದೆ. ಉಷ್ಣ ನಿರೋಧಕವಾಗಿ ಭತ್ತದ ಹೊಟ್ಟು, ಒಳಗೆ ಕಪ್ಪು ಬಳಿದ ತಗಡು, ಮೇಲೆ ಎರಡು ಪದರ ಗಾಜು, ಮುಚ್ಚಳದಲ್ಲಿ ಕನ್ನಡಿ. ಮಾರ್ಚ್ ತಿಂಗಳ ಮಧ್ಯಾಹ್ನ ಒಳಗಿನ ತಾಪ 110 ಡಿಗ್ರಿ ಸೆಲ್ಸಿಯಸ್ ದಾಟಿತು. ಅನ್ನ, ಬೇಳೆ ಎರಡೂ ಬೆಂದವು. ಬಹುಮಾನವೂ ಬಂದಿತು. ಆ ಒಲೆಯನ್ನು ಸಮೀಪದ ಹಳ್ಳಿಯ ಕೃಷಿ ಕೂಲಿ ಕುಟುಂಬವೊಂದಕ್ಕೆ ಉಚಿತವಾಗಿ ಕೊಟ್ಟು, ಫೋಟೋ ತೆಗೆಸಿಕೊಂಡು ಬಂದೆವು.

ಏಳೆಂಟು ತಿಂಗಳ ನಂತರ ಅತ್ತ ಹೋದಾಗ ಪೆಟ್ಟಿಗೆ ಅಟ್ಟದ ಮೇಲಿತ್ತು. ಅದರಲ್ಲಿ ಒಣಮೆಣಸಿನಕಾಯಿ ತುಂಬಿಟ್ಟಿದ್ದರು. ಮನೆಯಾಕೆ ಸಂಕೋಚದಿಂದಲೇ ಕಾರಣ ಹೇಳಿದರು. ಬೆಳಗ್ಗೆ ಏಳಕ್ಕೆ ಕೆಲಸಕ್ಕೆ ಹೋದರೆ ಅವರು ಮರಳುವುದು ಸಂಜೆ ಆರಕ್ಕೆ. ಬಿಸಿಲಿರುವಾಗ ಅವರು ಮನೆಯಲ್ಲಿರುವುದಿಲ್ಲ, ಅವರಿರುವಾಗ ಬಿಸಿಲಿರುವುದಿಲ್ಲ. ಬೀದಿಯಲ್ಲಿ ಬಿಟ್ಟುಹೋದರೆ ನಾಯಿ ಕೋಳಿಗಳ ಕಾಟ. ಒಲೆಯ ದಕ್ಷತೆಯನ್ನು ಎರಡು ದಶಮಾಂಶ ಸ್ಥಾನಗಳವರೆಗೆ ಲೆಕ್ಕ ಹಾಕಿದ್ದ ನಾವು, ಆಕೆ ಅಡುಗೆ ಮಾಡುವುದು ಎಷ್ಟು ಗಂಟೆಗೆ ಎಂದು ಕೇಳಿರಲಿಲ್ಲ. ಪುಕ್ಕಟೆಯಾಗಿ ಕೊಟ್ಟರೂ ಅದು ಆಕೆಗೆ ಕೈಗೆಟಕುವ ಒಲೆಯಾಗಲಿಲ್ಲ.

ಅಭಿವೃದ್ಧಿಶೀಲ ರಾಷ್ಟ್ರಗಳ ಬಡತನ ನಿವಾರಣೆಗೆ ಅಗ್ಗದ ತಂತ್ರಜ್ಞಾನವೇ ದಾರಿ ಎಂಬ ಮಾತು ಕಳೆದ ಐವತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಮಾತು ಸುಳ್ಳಲ್ಲ. ಆದರೆ 'ಅಗ್ಗ' ಎಂಬ ಪದವನ್ನು ನಾವು ಒಂದೇ ಅರ್ಥದಲ್ಲಿ, ಅಂದರೆ ತಯಾರಿಸುವ ಅಥವಾ ಕೊಳ್ಳುವ ಬೆಲೆಯ ಅರ್ಥದಲ್ಲಿ, ಬಳಸುತ್ತಿದ್ದೇವೆ. ಇದಲ್ಲದೆ ಇನ್ನೆರಡು ಬೆಲೆಗಳಿವೆ. ಒಂದು, ದಿನವೂ ಬಳಸುವಾಗ ತೆರಬೇಕಾದ ಬೆಲೆ. ಇದು ಹಣ, ಸಮಯ ಅಥವಾ ಮೈಬೆವರಿನ ರೂಪದಲ್ಲಿರಬಹುದು. ಎರಡು, ಸಾಧನ ಕೆಟ್ಟಾಗ ತೆರಬೇಕಾದ ಬೆಲೆ. ಬಡವರ ಬದುಕಿನಲ್ಲಿ ನಿರ್ಣಾಯಕವಾಗುವುದು ಬಹುಮಟ್ಟಿಗೆ ಈ ಕೊನೆಯ ಎರಡು. ಹೇಗೆಂದು ಕೆಲವು ಉದಾಹರಣೆಗಳಿಂದ ನೋಡೋಣ.

ಆಟದ ಚಕ್ರದಿಂದ ನೀರು

ಮೊದಲಿಗೆ ಜಗತ್ತೇ ಮೆಚ್ಚಿದ ಒಂದು ಸಾಧನ. ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡ 'ಪ್ಲೇಪಂಪ್' ನೋಡಲು ಮಕ್ಕಳ ಉದ್ಯಾನದಲ್ಲಿರುವ ತಿರುಗುಚಕ್ರ. ಮಕ್ಕಳು ಅದರ ಮೇಲೆ ಕುಳಿತು ಸುತ್ತುತ್ತಿದ್ದರೆ ಕೆಳಗಿನ ಕೊಳವೆಬಾವಿಯಿಂದ ನೀರು ಮೇಲೆದ್ದು ಎತ್ತರದ ತೊಟ್ಟಿಯನ್ನು ತುಂಬುತ್ತದೆ. ತೊಟ್ಟಿಯ ಸುತ್ತ ಜಾಹೀರಾತು ಫಲಕಗಳು. ಅವುಗಳ ಬಾಡಿಗೆಯಿಂದ ದುರಸ್ತಿ ವೆಚ್ಚ. ಮಕ್ಕಳಿಗೆ ಆಟ, ಹಳ್ಳಿಗೆ ನೀರು. ಕಲ್ಪನೆ ಎಷ್ಟು ಸೊಗಸಾಗಿತ್ತೆಂದರೆ 2000ದಲ್ಲಿ ಅದಕ್ಕೆ ವಿಶ್ವಬ್ಯಾಂಕಿನ ಪ್ರಶಸ್ತಿ ಬಂದಿತು. 2006ರಲ್ಲಿ ಅಮೆರಿಕದಲ್ಲಿ 1.64 ಕೋಟಿ ಡಾಲರ್ ನೆರವಿನ ಘೋಷಣೆಯಾಯಿತು. 2010ರೊಳಗೆ 4,000 ಪಂಪುಗಳನ್ನು ಸ್ಥಾಪಿಸಿ ಒಂದು ಕೋಟಿ ಜನರಿಗೆ ನೀರು ಕೊಡುವುದು ಗುರಿ. ಎಂದರೆ ಪ್ರತಿ ಪಂಪಿಗೆ 2,500 ಜನ.

ಇಲ್ಲಿ ಪಿಯುಸಿ ವಿದ್ಯಾರ್ಥಿಯೂ ಮಾಡಬಹುದಾದ ಒಂದು ಲೆಕ್ಕವಿದೆ. ಪರಿಹಾರ ಶಿಬಿರಗಳಿಗೂ ಅಂತರರಾಷ್ಟ್ರೀಯವಾಗಿ ಒಪ್ಪಿರುವ ಕನಿಷ್ಠ ಪ್ರಮಾಣ ದಿನಕ್ಕೆ ತಲಾ 15 ಲೀಟರ್ ನೀರು. 2,500 ಜನರಿಗೆ 37,500 ಲೀಟರ್ ಬೇಕು. ಪಂಪಿನ ಸಾಮರ್ಥ್ಯ ಗಂಟೆಗೆ 1,400 ಲೀಟರ್ ಎಂದು ಹೇಳಲಾಗಿತ್ತು. ಭಾಗಿಸಿದರೆ ಬರುವ ಉತ್ತರ ಸುಮಾರು 27 ಗಂಟೆ. ದಿನಕ್ಕಿರುವುದು 24 ಗಂಟೆ! ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆ ಈ ಲೆಕ್ಕವನ್ನು 2009ರಲ್ಲಿ ಪ್ರಕಟಿಸಿತು. ಪ್ರಶಸ್ತಿ ಬಂದು ಒಂಬತ್ತು ವರ್ಷಗಳಾಗಿದ್ದವು.

ಭೌತವಿಜ್ಞಾನದ ದೃಷ್ಟಿಯಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. 40 ಮೀಟರ್ ಆಳದಿಂದ ಗಂಟೆಗೆ 1,400 ಲೀಟರ್ ನೀರೆತ್ತಲು ಬೇಕಾಗುವ ಸಾಮರ್ಥ್ಯವೆಷ್ಟು? 1,400 ಕಿಲೋಗ್ರಾಮ್, 9.8, 40 ಈ ಮೂರನ್ನು ಗುಣಿಸಿ 3,600 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 150 ವ್ಯಾಟ್. ಇದು ನೀರಿಗೆ ಸೇರಬೇಕಾದದ್ದು ಮಾತ್ರ. ತೊಟ್ಟಿಯ ಎತ್ತರವನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಘರ್ಷಣೆಯ ನಷ್ಟ ಅರ್ಧದಷ್ಟು ಎಂದುಕೊಂಡರೆ ಚಕ್ರಕ್ಕೆ 300 ವ್ಯಾಟ್ ಊಡಿಸಬೇಕು. ಆರೋಗ್ಯವಂತ ವಯಸ್ಕನೊಬ್ಬ ಗಂಟೆಗಟ್ಟಲೆ ಎಡೆಬಿಡದೆ ನೀಡಬಲ್ಲ ಸಾಮರ್ಥ್ಯ ಸುಮಾರು 75 ವ್ಯಾಟ್. ಅಂದರೆ ನಾಲ್ವರು ವಯಸ್ಕರು ಬಿಡುವಿಲ್ಲದೆ ದುಡಿಯಬೇಕು.

ಉದ್ಯಾನದ ತಿರುಗುಚಕ್ರದಲ್ಲಿ ಮಕ್ಕಳಿಗೆ ಸಂತೋಷ ಸಿಗುವುದು ಏತಕ್ಕೆ? ಒಮ್ಮೆ ತಳ್ಳಿದರೆ ಅದು ತಾನಾಗಿ ಬಹಳ ಹೊತ್ತು ಸುತ್ತುತ್ತದೆ. ತಳ್ಳಿದವನೂ ಹಾರಿ ಕುಳಿತುಕೊಳ್ಳಬಹುದು. ಚಕ್ರ ಮತ್ತು ಮಕ್ಕಳ ಒಟ್ಟು ರಾಶಿ 200 ಕಿಲೋಗ್ರಾಮ್ ಎಂದಿಟ್ಟುಕೊಳ್ಳಿ. ಅದೆಲ್ಲ ಅಂಚಿನಲ್ಲೇ, 1.5 ಮೀಟರ್ ತ್ರಿಜ್ಯದಲ್ಲಿ, ನಿಮಿಷಕ್ಕೆ 16 ಸುತ್ತಿನಂತೆ ತಿರುಗುತ್ತಿದ್ದರೆ ಅದರ ಚಲನಶಕ್ತಿ ಸುಮಾರು 630 ಜೂಲ್. 300 ವ್ಯಾಟ್ ದರದಲ್ಲಿ ಪಂಪು ಶಕ್ತಿಯನ್ನು ಹೀರತೊಡಗಿದರೆ ಎರಡು ಮೂರು ಸೆಕೆಂಡುಗಳಲ್ಲಿ ಅದು ಬರಿದಾಗುತ್ತದೆ. ತಳ್ಳುವುದನ್ನು ನಿಲ್ಲಿಸಿದೊಡನೆ ಚಕ್ರವೂ ನಿಲ್ಲುತ್ತದೆ. ನೀರೆತ್ತುವ ಹೊರೆ ಸೇರಿದ ಕ್ಷಣದಲ್ಲಿ ಆಟ ಆಟವಾಗಿ ಉಳಿಯುವುದಿಲ್ಲ, ಗಾಣವಾಗುತ್ತದೆ. ಶಕ್ತಿ ಸಂರಕ್ಷಣಾ ನಿಯಮಕ್ಕೆ ಆಟಕ್ಕಾಗಿ ಪ್ರತ್ಯೇಕ ರಿಯಾಯಿತಿ ಇಲ್ಲ.

ನಡೆದದ್ದೂ ಹೀಗೆಯೇ. ಮಕ್ಕಳು ಶಾಲೆಗೆ ಹೋದಾಗ ಅಥವಾ ಆಟ ಬೇಸರವಾದಾಗ ಆ ಭಾರವಾದ ಚಕ್ರವನ್ನು ಬಗ್ಗಿ ತಳ್ಳುವ ಕೆಲಸ ಹೆಂಗಸರ ಪಾಲಿಗೆ ಬಂದಿತು. ಕೆಲವೆಡೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಕೈಪಂಪನ್ನು ಕಿತ್ತು ಇದನ್ನು ಕೂರಿಸಲಾಗಿತ್ತು. ಒಂದರ ಬೆಲೆ ಸುಮಾರು 14,000 ಡಾಲರ್, ಸಾಮಾನ್ಯ ಕೈಪಂಪಿನ ಹತ್ತಿರ ಹತ್ತಿರ ನಾಲ್ಕು ಪಟ್ಟು. ದೂರದ ಹಳ್ಳಿಗಳಲ್ಲಿ ಜಾಹೀರಾತು ಹಾಕುವವರು ಸಿಗಲಿಲ್ಲ. ಹಾಗಾಗಿ ದುರಸ್ತಿಗೆ ಹಣವೂ ಹುಟ್ಟಲಿಲ್ಲ. ಯುನಿಸೆಫ್ 2007ರಲ್ಲೇ ಈ ಕೊರತೆಗಳನ್ನು ಗುರುತಿಸಿತ್ತು. 2010ರ ವೇಳೆಗೆ, ಗುರಿ ಮುಟ್ಟುವ ಬಹಳ ಮುನ್ನವೇ, ಯೋಜನೆ ನಿಂತುಹೋಯಿತು. ಅದರ ಮುಖ್ಯ ಪೋಷಕ ಸಂಸ್ಥೆಯೇ ತನ್ನ ಸೋಲನ್ನು ಬಹಿರಂಗವಾಗಿ ಒಪ್ಪಿಕೊಂಡಿತೆಂಬುದನ್ನು ಮೆಚ್ಚುಗೆಯಿಂದಲೇ ಹೇಳಬೇಕು. ಅಂಥ ಪ್ರಾಮಾಣಿಕತೆ ಈ ಕ್ಷೇತ್ರದಲ್ಲಿ ವಿರಳ.

ಹೆಸರಿಲ್ಲದ ಒಂದು ಯಶಸ್ಸು

ಇದಕ್ಕೆ ಹೋಲಿಸಿ ನೋಡಬೇಕಾದದ್ದು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಕಂಡಿರುವ, ಯಾರೂ ಹೆಸರು ಕೇಳದ, 'ಇಂಡಿಯಾ ಮಾರ್ಕ್-2' ಕೈಪಂಪನ್ನು. 1970ರ ದಶಕದ ಆರಂಭದಲ್ಲಿ ದೇಶದ ಗಟ್ಟಿಶಿಲಾ ಪ್ರದೇಶಗಳಲ್ಲಿ ಕೊರೆದ ಬಾವಿಗಳ ಮೇಲೆ ಎರಕದ ಕಬ್ಬಿಣದ ಪಂಪುಗಳಿದ್ದವು. ಅವುಗಳ ವಿನ್ಯಾಸ ಪಾಶ್ಚಾತ್ಯ ರೈತರ ಮನೆಗಳಿಂದ ಬಂದದ್ದು. ಒಂದು ಕುಟುಂಬ ದಿನಕ್ಕೆ ಹತ್ತಾರು ಬಾರಿ ಒತ್ತಲು ತಕ್ಕದ್ದು. ನಮ್ಮಲ್ಲಿ ಅದನ್ನು ಇಡೀ ಊರು ಬೆಳಗಿನಿಂದ ರಾತ್ರಿಯವರೆಗೆ ಒತ್ತುತ್ತಿತ್ತು. ಬಹುಪಾಲು ಪಂಪುಗಳು ಕೆಟ್ಟು ನಿಂತಿದ್ದವು.

ಪರಿಹಾರದ ಮೊದಲ ಸುಳಿವು ದೊರೆತದ್ದು ದೊಡ್ಡ ಪ್ರಯೋಗಾಲಯದಲ್ಲಲ್ಲ. ಮಹಾರಾಷ್ಟ್ರದ ಜಾಲ್ನಾ ಮತ್ತು ಸೊಲ್ಲಾಪುರಗಳಲ್ಲಿ ಸೇವಾ ಸಂಸ್ಥೆಗಳು ನಡೆಸುತ್ತಿದ್ದ ಸಣ್ಣ ಕಾರ್ಯಾಗಾರಗಳಲ್ಲಿ. ಎರಕದ ಕಬ್ಬಿಣದ ಬದಲು ಬೆಸುಗೆ ಹಾಕಿದ ಉಕ್ಕು, ಹಲವು ಕೀಲುಗಳ ಬದಲು ಒಂದೇ ಕೀಲು. ಯುನಿಸೆಫ್, ಭಾರತ ಸರ್ಕಾರ ಹಾಗೂ ರಿಚರ್ಡ್‌ಸನ್ ಅಂಡ್ ಕ್ರಡಾಸ್ ಎಂಬ ಸಾರ್ವಜನಿಕ ಉದ್ಯಮ ಸೇರಿ ಇದನ್ನು ಸುಧಾರಿಸಿದವು. ಅಂತರ್ಜಲ ಆಳದಲ್ಲಿರುವ ಕೊಯಮತ್ತೂರು ಪ್ರದೇಶದಲ್ಲಿ ಪರೀಕ್ಷೆಗಳು ನಡೆದವು. ಒಂದು ವರ್ಷವಾದರೂ ಕೆಡದೆ ನಡೆಯಬೇಕೆಂಬುದು ವಿನ್ಯಾಸದ ಷರತ್ತಾಗಿತ್ತು ಎಂಬುದು ಗಮನಾರ್ಹ. 1970ರ ದಶಕದ ಕೊನೆಯಲ್ಲಿ ತಯಾರಿಕೆ ಆರಂಭವಾಯಿತು. ವಿನ್ಯಾಸಕ್ಕೆ ಪೇಟೆಂಟ್ ಇರಲಿಲ್ಲ, ಆದರೆ ಐಎಸ್ 9301 ಎಂಬ ಕಟ್ಟುನಿಟ್ಟಾದ ಮಾನಕವಿತ್ತು. ಯಾವ ಕಾರ್ಖಾನೆಯಲ್ಲಿ ತಯಾರಾದರೂ ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದಬೇಕು.

ಇದರ ಲೆಕ್ಕವನ್ನೂ ಮಾಡೋಣ. ಸಿಲಿಂಡರಿನ ವ್ಯಾಸ 63.5 ಮಿಲಿಮೀಟರ್, ಪಿಸ್ಟನ್ನಿನ ಚಲನೆ 125 ಮಿಲಿಮೀಟರ್. ಒಮ್ಮೆ ಒತ್ತಿದರೆ ಬರುವುದು ಸುಮಾರು 0.4 ಲೀಟರ್, ನಿಮಿಷಕ್ಕೆ 40 ಬಾರಿ ಒತ್ತಿದರೆ 16 ಲೀಟರ್, ಅಂದರೆ ಒಂದು ಕೊಡ. 25 ಮೀಟರ್ ಆಳದ ನೀರಿಗೆ ಬೇಕಾಗುವ ಸಾಮರ್ಥ್ಯ ಸುಮಾರು 65 ವ್ಯಾಟ್. ಒಬ್ಬಳು ಹೆಂಗಸು ಒಂದೆರಡು ನಿಮಿಷ ಸರಾಗವಾಗಿ ನೀಡಬಹುದಾದದ್ದು. ಪಿಸ್ಟನ್ನಿನ ಮೇಲೆ ನಿಲ್ಲುವ ನೀರಿನ ಕಂಬದ ತೂಕ ಸುಮಾರು 79 ಕಿಲೋಗ್ರಾಮ್. ಉಕ್ಕಿನ ಸರಳುಗಳೂ ಸೇರಿದರೆ ನೂರರ ಸುತ್ತ. ಹಿಡಿಕೆಯ ಯಾಂತ್ರಿಕ ಲಾಭ 8 ಇರುವುದರಿಂದ ಕೈಗೆ ತಾಗುವುದು 12-13 ಕಿಲೋಗ್ರಾಮ್ ಭಾರ ಮಾತ್ರ. ಮೇಲಿನ ಕಮಾನಿಗೆ ಸುತ್ತಿಕೊಳ್ಳುವ ಸರಪಳಿಯಿಂದಾಗಿ ಸರಳು ವಾಲದೆ ನೆಟ್ಟಗೆ ಚಲಿಸುತ್ತದೆ, ಸವೆತ ತಗ್ಗುತ್ತದೆ. ಇಲ್ಲಿ ಬೆರಗುಗೊಳಿಸುವ ಕಲ್ಪನೆ ಯಾವುದೂ ಇಲ್ಲ. ಮನುಷ್ಯನ ತೋಳಿನ ಮಿತಿಗೆ ಯಂತ್ರವನ್ನು ಹೊಂದಿಸಲಾಗಿದೆ, ಅಷ್ಟೆ. ಇಂಥ ಲಕ್ಷಾಂತರ ಪಂಪುಗಳು ಭಾರತದಲ್ಲೂ ಆಫ್ರಿಕದಲ್ಲೂ ಸ್ಥಾಪನೆಯಾದವು.

ಹಾಗೆಂದು ಇದು ದೋಷರಹಿತವಲ್ಲ. ಪಿಸ್ಟನ್ನಿನ ತೊಗಲಿನ ಬಿಲ್ಲೆ ಸವೆದರೆ ಇಡೀ ಕೊಳವೆಯನ್ನು ಮೇಲೆತ್ತಬೇಕಿತ್ತು. ಅದಕ್ಕೆ ವಾಹನ, ಮುಕ್ಕಾಲಿ, ಮೂರು ನಾಲ್ಕು ಜನ ಬೇಕು. ಕೊಳವೆಯನ್ನು ಎತ್ತದೆ ಪಿಸ್ಟನ್ನನ್ನು ಮಾತ್ರ ಹೊರತೆಗೆಯುವಂತೆ 1980ರ ದಶಕದಲ್ಲಿ ಮಾರ್ಕ್-3 ಮಾದರಿ ಬಂದದ್ದು ಈ ಕಾರಣಕ್ಕೆ. ಕೆಟ್ಟಾಗಿನ ಬೆಲೆಯನ್ನು ವಿನ್ಯಾಸದೊಳಕ್ಕೆ ತಂದುಕೊಂಡ ಬಗೆ ಇದು. ಇನ್ನೊಂದು ಮಿತಿ ಪಂಪಿನ ಕೈಮೀರಿದ್ದು. 60 ಮೀಟರಿಗೆ ನೀರಿಳಿದರೆ ನೀರಿನ ತೂಕವೊಂದೇ 190 ಕಿಲೋಗ್ರಾಮ್. ಎಂಟು ಪಟ್ಟು ಲಾಭ ಸಾಲದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡಗಳ ಕಡೆ ವಿದ್ಯುತ್ ಪಂಪುಗಳು ಅಂತರ್ಜಲವನ್ನು ನೂರಾರು ಮೀಟರ್ ಕೆಳಕ್ಕೆ ಇಳಿಸಿದಾಗ ಊರ ಕೈಪಂಪು ಒಣಗಿತು. ಆಳದ ನೀರಿನೊಡನೆ ಫ್ಲೋರೈಡ್ ಕೂಡ ಮೇಲೆ ಬಂದಿತು. ಒಂದು ಸಾಧನವನ್ನು ಮಾತ್ರ ನೋಡಿ, ಅದು ನಿಂತಿರುವ ನೆಲವನ್ನು ನೋಡದಿದ್ದರೆ ಲೆಕ್ಕ ಅಪೂರ್ಣವಾಗುತ್ತದೆ.

ಒಲೆಯ ದಕ್ಷತೆ, ಅಡುಗೆಮನೆಯ ದಕ್ಷತೆ

ನೀರಿನಿಂದ ಒಲೆಗೆ ಬರೋಣ. ಇದು ಕರ್ನಾಟಕಕ್ಕೆ ಹತ್ತಿರದ ಕಥೆ. 1974ರಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದರು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ತಂತ್ರಜ್ಞಾನಗಳನ್ನು ಅನ್ವಯಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದು, ಸುತ್ತಲ ಹಳ್ಳಿಗಳಲ್ಲಿ ಮನೆಮನೆಯ ಶಕ್ತಿಬಳಕೆಯನ್ನು ಅಳೆದರು. ಬಳಕೆಯಾಗುತ್ತಿದ್ದ ಶಕ್ತಿಯ ಬಹುಪಾಲು ವಿದ್ಯುತ್ತೂ ಅಲ್ಲ, ಡೀಸೆಲ್ಲೂ ಅಲ್ಲ, ಸೌದೆ. ಅದನ್ನು ಹೊತ್ತು ತರುವವರು ಹೆಂಗಸರು ಮತ್ತು ಮಕ್ಕಳು.

ಇದಕ್ಕೆ ಉತ್ತರವಾಗಿ ಹುಟ್ಟಿದ್ದು 'ಅಸ್ತ್ರ ಒಲೆ'. ಮೂರು ಪಾತ್ರೆಗಳನ್ನು ಒಟ್ಟಿಗೆ ಇಡುವ, ಹೊಗೆ ಕೊಳವೆಯುಳ್ಳ ಒಲೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಉಷ್ಣದಲ್ಲಿ ಪಾತ್ರೆಗೆ ತಲುಪುವುದು ಶೇ. 10ರಿಂದ 15. ಅಸ್ತ್ರ ಒಲೆ ಪ್ರಯೋಗಾಲಯದಲ್ಲಿ ಶೇ. 40ನ್ನು ಮೀರಿತು. ಇದು ನಿಜವಾದ ವೈಜ್ಞಾನಿಕ ಸಾಧನೆ. ಒಲೆಯೊಳಗಿನ ಗಾಳಿಯ ಹರಿವು, ವಿಕಿರಣ, ಗೋಡೆಯ ನಷ್ಟ ಎಲ್ಲವನ್ನೂ ಅಭ್ಯಸಿಸಿ ಪಡೆದದ್ದು.

ಆದರೆ ಆ ಅಂಕಿ ನಿಂತಿರುವುದು ಕೆಲವು ಷರತ್ತುಗಳ ಮೇಲೆ: ಮೂರೂ ಪಾತ್ರೆಗಳು ಒಲೆಯ ಮೇಲಿರಬೇಕು, ಅವು ರಂಧ್ರಗಳಿಗೆ ಸರಿಯಾಗಿ ಕೂರಬೇಕು, ಸೌದೆ ಸಣ್ಣದಾಗಿ ಸೀಳಿರಬೇಕು, ಕೊಳವೆಯ ಮಸಿ ಕಾಲಕಾಲಕ್ಕೆ ತೆಗೆಯಬೇಕು. ಎರಡು ರಂಧ್ರ ಖಾಲಿಯಿದ್ದರೆ ಉಷ್ಣ ಸೂರಿನತ್ತ ಹೋಗುತ್ತದೆ. ಬೆಳಗ್ಗೆ ಬರೀ ಟೀ ಕಾಯಿಸುವ ಮನೆಯಲ್ಲಿ ಏನಾಗುತ್ತದೆ? ಮುದ್ದೆ ತೊಳಸುವವರು ಪಾತ್ರೆಯನ್ನು ಅದುಮಿ ಹಿಡಿದು, ಕೋಲಿನಿಂದ ಬಲವಾಗಿ ತಿರುವಬೇಕು. ಮಣ್ಣಿನ ಒಲೆಯ ಅಂಚು ಎಷ್ಟು ದಿನ ತಡೆದೀತು? ದಕ್ಷತೆ ಎಂಬುದು ಒಲೆಯ ಗುಣವಷ್ಟೇ ಅಲ್ಲ, ಒಲೆ ಮತ್ತು ಅಡುಗೆಮನೆ ಎರಡರ ಒಟ್ಟು ಗುಣ.

1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮವು ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಒಲೆಗಳ ಲೆಕ್ಕ ತೋರಿಸಿತು. 2002ರಲ್ಲಿ ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿತು. ಎಣಿಸಿದ್ದು ಕಟ್ಟಿದ ಒಲೆಗಳನ್ನು, ಉರಿಯುತ್ತಿರುವ ಒಲೆಗಳನ್ನಲ್ಲ. ಅರ್ಥಶಾಸ್ತ್ರಜ್ಞರಾದ ರೀಮಾ ಹನ್ನಾ, ಎಸ್ತರ್ ಡುಫ್ಲೋ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಒಡಿಶಾದ ಸುಮಾರು 2,600 ಮನೆಗಳನ್ನು ನಾಲ್ಕು ವರ್ಷಗಳವರೆಗೆ ಅನುಸರಿಸಿ ನಡೆಸಿದ ಅಧ್ಯಯನ 2012ರಲ್ಲಿ ಹೊರಬಂದಿತು. ಸುಧಾರಿತ ಒಲೆಯಿಂದ ಮೊದಲ ವರ್ಷ ಹೊಗೆಯ ಸೇವನೆ ತಗ್ಗಿತು. ಆಮೇಲೆ ಪರಿಣಾಮ ಕಾಣಲಿಲ್ಲ. ಸೌದೆಯ ಬಳಕೆಯಲ್ಲಾಗಲಿ ಆರೋಗ್ಯದಲ್ಲಾಗಲಿ ಗುರುತಿಸಬಹುದಾದ ಬದಲಾವಣೆ ಇರಲಿಲ್ಲ. ಒಲೆಯನ್ನು ಕ್ರಮವಾಗಿ ಬಳಸಲಿಲ್ಲ, ದುರಸ್ತಿ ಮಾಡಲಿಲ್ಲ. ಇದನ್ನು ಜನರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಇಷ್ಟೊಂದು ಮನೆಗಳು ಸೇರಿ ಒಂದೇ ಉತ್ತರ ಕೊಟ್ಟಾಗ ತಪ್ಪು ಪ್ರಶ್ನೆಯಲ್ಲಿದೆ ಎಂದು ಭಾವಿಸುವುದು ವೈಜ್ಞಾನಿಕ ಮನೋಭಾವ. 2016ರಲ್ಲಿ ಬಂದ ಉಜ್ವಲಾ ಯೋಜನೆ ಅಡುಗೆ ಅನಿಲದ ಸಂಪರ್ಕವನ್ನು ಬಡ ಕುಟುಂಬಗಳಿಗೆ ತಲುಪಿಸಿತು. ಅಲ್ಲಿಯೂ ಮುಂದಿನ ಪ್ರಶ್ನೆ ಸಿಲಿಂಡರ್ ಖಾಲಿಯಾದಾಗ ಮರುಪೂರಣಕ್ಕೆ ಕೊಡುವ ಹಣದ್ದೇ ಆಯಿತು.

ಪುರದಲ್ಲಿ ಕಲಿತ ಪಾಠ

ಪ್ರಶ್ನೆಯನ್ನೇ ತಿದ್ದಿಕೊಂಡ ಉದಾಹರಣೆಯೂ ಕುಣಿಗಲ್ ತಾಲ್ಲೂಕಿನಲ್ಲೇ ಇದೆ. ಪುರ ಎಂಬ ಚಿಕ್ಕ ಹಳ್ಳಿಯಲ್ಲಿ 'ಅಸ್ತ್ರ'ದ ವಿಜ್ಞಾನಿಗಳು ಸಾಮುದಾಯಿಕ ಗೋಬರ್ ಅನಿಲ ಸ್ಥಾವರ ಕಟ್ಟಿದರು. ಅಡುಗೆಗೆ ಅನಿಲ ಪೂರೈಸುವುದು ಮೊದಲ ಉದ್ದೇಶವಾಗಿತ್ತು. ಊರಿನ ಸಗಣಿ ಎಲ್ಲ ಮನೆಗಳ ಅಡುಗೆಗೆ ಸಾಲುವುದಿಲ್ಲವೆಂದು ತಿಳಿಯಿತು. ಜನರನ್ನು ಕೇಳಿದಾಗ ಅವರು ಹೇಳಿದ್ದು ಬೇರೆ: ಮೊದಲು ಕುಡಿಯುವ ನೀರು, ಆಮೇಲೆ ದೀಪ. ವಿಜ್ಞಾನಿಗಳು ಯೋಜನೆಯನ್ನೇ ಬದಲಿಸಿದರು. 1987ರಿಂದ ಅದೇ ಅನಿಲ ಎಂಜಿನ್ನೊಂದಕ್ಕೆ ಹೋಗಿ, ವಿದ್ಯುತ್ತಾಗಿ, ಕೊಳವೆಬಾವಿಯ ನೀರನ್ನೆತ್ತಿತು. ಮನೆಗಳಿಗೆ ದೀಪ ಕೊಟ್ಟಿತು. ಸಗಣಿ ತಂದವರಿಗೆ ಗೊಬ್ಬರವೂ ವಾಪಸು, ಜೊತೆಗೆ ಸಣ್ಣ ಮೊತ್ತದ ಹಣವೂ ಸಿಗುತ್ತಿತ್ತು. ಊರಿನ ಯುವಕರೇ ಸ್ಥಾವರವನ್ನು ನಡೆಸಿದರು.

ಇಲ್ಲಿ ಗಮನಿಸಬೇಕಾದದ್ದು ಸ್ಥಾವರದ ಬೆಲೆಯನ್ನಲ್ಲ. ಬಳಸುವವರ ಮಾತು ಎಂಜಿನಿಯರ ನಕ್ಷೆಯನ್ನು ತಿದ್ದಿತು ಎಂಬುದನ್ನು. ನನ್ನ ಸೌರ ಒಲೆಗೆ ದೊರೆಯದಿದ್ದದ್ದು ಇದೇ.

ಬೆಳಕಿನ ಬೆಲೆ

ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಅತ್ಯಂತ ಅಗ್ಗದ ದೀಪ ಯಾವುದು? ಹಳೆಯ ಶಾಯಿ ಬಾಟಲಿಗೆ ಬತ್ತಿ ತೂರಿಸಿದ ಸೀಮೆಎಣ್ಣೆ ಬುಡ್ಡಿ. ಅದು ಗಂಟೆಗೆ ಸುಮಾರು 15 ಮಿಲಿಲೀಟರ್ ಎಣ್ಣೆ ಕುಡಿದು 10 ಲ್ಯೂಮೆನ್ ಬೆಳಕು ಕೊಡುತ್ತದೆ ಎಂದಿಟ್ಟುಕೊಳ್ಳಿ. ಲೀಟರ್ ಸೀಮೆಎಣ್ಣೆಯಲ್ಲಿರುವ ಶಕ್ತಿ ಸುಮಾರು 35 ಮೆಗಾಜೂಲ್. ಹಾಗಾದರೆ ಬುಡ್ಡಿ ಬಳಸುತ್ತಿರುವುದು ಸುಮಾರು 145 ವ್ಯಾಟ್, ವ್ಯಾಟಿಗೆ 0.07 ಲ್ಯೂಮೆನ್. ಇಂದಿನ ಎಲ್‌ಇಡಿ ವ್ಯಾಟಿಗೆ 100 ಲ್ಯೂಮೆನ್ ಕೊಡುತ್ತದೆ. ಒಂದು ಲೀಟರ್ ಸೀಮೆಎಣ್ಣೆಯಿಂದ ಸುಮಾರು 660 ಲ್ಯೂಮೆನ್-ಗಂಟೆ. ಒಂದು ಯೂನಿಟ್ ವಿದ್ಯುತ್ತಿನಿಂದ ಒಂದು ಲಕ್ಷ. ಅತಿ ಅಗ್ಗದ ದೀಪವೇ ಅತಿ ದುಬಾರಿ ಬೆಳಕನ್ನು ಕೊಡುತ್ತಿತ್ತು. ಅದರ ಬೆಲೆ ತೆರುತ್ತಿದ್ದವರು ಬಡವರು. ಹೊಗೆ ಮತ್ತು ಬೆಂಕಿಯ ಅಪಾಯ ಬೇರೆ.

ಆದರೂ ಜನ ಸೌರದೀಪ ಕೊಳ್ಳಲಿಲ್ಲವೇಕೆ? ಸಾವಿರಾರು ರೂಪಾಯಿಗಳನ್ನು ಒಮ್ಮೆಗೇ ತರುವುದು ಎಲ್ಲಿಂದ? 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸ್ಥಾಪಿಸಿದ 'ಸೆಲ್ಕೊ' ಸಂಸ್ಥೆ ಕರ್ನಾಟಕದಲ್ಲಿ ಕೈಹಾಕಿದ್ದು ಈ ಗಂಟಿಗೆ. ಸೌರಫಲಕವನ್ನು ಅವರು ಕಂಡುಹಿಡಿಯಲಿಲ್ಲ, ಅಗ್ಗವೂ ಮಾಡಲಿಲ್ಲ. ಬ್ಯಾಂಕುಗಳನ್ನು ಒಪ್ಪಿಸಿ ಸಾಲ ಕೊಡಿಸಿದರು. ದುರಸ್ತಿಗೆ ಹತ್ತಿರದ ಊರುಗಳಲ್ಲಿ ಸೇವಾ ಕೇಂದ್ರ ತೆರೆದರು. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಹೊರೆಯಾದರೂ ದಿನಕ್ಕೆ 10 ರೂಪಾಯಿ ಸಾಧ್ಯ ಎಂಬ ಅನುಭವವನ್ನು ಹಂದೆಯವರು ಅನೇಕ ಕಡೆ ಹೇಳಿದ್ದಾರೆ. ಗಣಿತದಲ್ಲಿ ಎರಡೂ ಒಂದೇ. ದಿನಗೂಲಿಯ ಬದುಕಿನಲ್ಲಿ ಅಲ್ಲ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸೌರದೀಪಗಳಿಗೆ ಸಾಲ ಕೊಡುವ ಯೋಜನೆ ಆರಂಭಿಸಿದವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಕೊಳ್ಳುವ ಬೆಲೆ ಮುಖ್ಯವೇ ಅಲ್ಲವೆಂದು ಇದರ ಅರ್ಥವಲ್ಲ. ಕೇಂದ್ರ ಸರ್ಕಾರದ ಎಲ್‌ಇಡಿ ಯೋಜನೆಗಾಗಿ ಸಗಟು ಖರೀದಿ ಮಾಡಿದಾಗ ಬಲ್ಬಿನ ದರ 2014ರಲ್ಲಿದ್ದ 310 ರೂಪಾಯಿಯಿಂದ 2016ರಲ್ಲಿ 38 ರೂಪಾಯಿಗೆ ಇಳಿಯಿತು. ಕೋಟಿಗಟ್ಟಲೆ ಮನೆಗಳಿಗೆ ಅದು ತಲುಪಿತು. ಬಳಸುವ ಬೆಲೆಯೂ ಬಾಳಿಕೆಯೂ ಮೊದಲೇ ಸರಿಯಿದ್ದ ವಸ್ತುವಿನಲ್ಲಿ ಕೊಳ್ಳುವ ಬೆಲೆ ಇಳಿದರೆ ಪವಾಡವೇ ನಡೆಯುತ್ತದೆ. ಕ್ರಮ ತಲೆಕೆಳಗಾದರೆ ಬುಡ್ಡಿದೀಪ ಉಳಿಯುತ್ತದೆ.

ಒಂದು ಕಂಪ್ಯೂಟರು, ಒಂದು ದೂರವಾಣಿ

ಬೆಂಗಳೂರಿನ ಸಿಂಪ್ಯೂಟರನ್ನು ಹಿರಿಯ ಓದುಗರು ಮರೆತಿರಲಾರರು. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳು ಸೇರಿ 2001ರಲ್ಲಿ ಅನಾವರಣಗೊಳಿಸಿದ ಅಂಗೈ ಕಂಪ್ಯೂಟರು ಅದು. ಓದು ಬಾರದವರೂ ಬಳಸುವಂತೆ ಕನ್ನಡ ಮೊದಲಾದ ಭಾಷೆಗಳಲ್ಲಿ ಮಾತಾಡುತ್ತಿತ್ತು. ಒಂದನ್ನೇ ಊರಿನ ಹಲವರು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡ್ ಇತ್ತು. 2004ರಲ್ಲಿ ಸುಮಾರು 10,000 ರೂಪಾಯಿಗೆ ಮಾರುಕಟ್ಟೆಗೆ ಬಂದರೂ ಮಾರಾಟವಾದದ್ದು ಕೆಲವೇ ಸಾವಿರ. ತಾಂತ್ರಿಕವಾಗಿ ಅದು ಕಾಲಕ್ಕಿಂತ ಮುಂದಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಳ್ಳಿಯ ಮನುಷ್ಯ ಅದರಿಂದ ನಾಳೆ ಬೆಳಗ್ಗೆ ಮಾಡಬೇಕಾದ ಕೆಲಸ ಯಾವುದೆಂಬುದು ಸ್ಪಷ್ಟವಿರಲಿಲ್ಲ.

ಅದೇ ಕಾಲದಲ್ಲಿ, ಬಡವರಿಗಾಗಿ ಎಂದು ಯಾರೂ ವಿನ್ಯಾಸಗೊಳಿಸದ ಮೊಬೈಲ್ ದೂರವಾಣಿ ಹಳ್ಳಿ ಹೊಕ್ಕಿತು. ಉತ್ತರ ಕೇರಳದ ಕರಾವಳಿಗೆ 1997ರಿಂದ 2001ರ ನಡುವೆ ಮೊಬೈಲ್ ಸೇವೆ ಬಂದಾಗ ಏನಾಯಿತೆಂಬುದನ್ನು ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದರು. ಮೀನುಗಾರರು ದೋಣಿಯಿಂದಲೇ ವಿಚಾರಿಸಿ, ಬೇಡಿಕೆಯಿರುವ ಬಂದರಿಗೆ ಭೂತಾಯಿ ಮೀನನ್ನು ಒಯ್ದರು. ಮಾರಾಟವಾಗದೆ ಎಸೆಯುತ್ತಿದ್ದ ಮೀನು ಇಲ್ಲವಾಯಿತು, ಮೀನುಗಾರರ ಲಾಭ ಸುಮಾರು ಶೇ. 8 ಏರಿತು, ಕೊಳ್ಳುವವರಿಗೆ ಬೆಲೆ ಸುಮಾರು ಶೇ. 4 ಇಳಿಯಿತು. ಆ ದೂರವಾಣಿ ಆಗ ಅಗ್ಗವಾಗಿರಲಿಲ್ಲ. ಆದರೆ ಕೊಟ್ಟ ಹಣ ಮರಳಿ ಬರುತ್ತಿತ್ತು.

ತೀರ್ಪುಗಾರರಿಗೆ ಒಂದು ಸಲಹೆ

ಈಗ ನಮ್ಮ ವಸ್ತುಪ್ರದರ್ಶನಕ್ಕೆ ಮರಳೋಣ. ವಿದ್ಯಾರ್ಥಿಗಳ ಉತ್ಸಾಹವನ್ನು ಕುಗ್ಗಿಸುವುದು ಈ ಲೇಖನದ ಉದ್ದೇಶವಲ್ಲ. ದೋಷ ಅವರದೂ ಅಲ್ಲ. ಅವರು ನಾವು ಕೇಳಿದ ಪ್ರಶ್ನೆಗೆ ಉತ್ತರ ತರುತ್ತಾರೆ. ನಾವು ಬೆಲೆಯನ್ನಷ್ಟೇ ಕೇಳುತ್ತಿದ್ದೇವೆ. ಆದ್ದರಿಂದ ಅಂಕಪಟ್ಟಿಯಲ್ಲಿ ಕೆಲವು ಪ್ರಶ್ನೆಗಳನ್ನು ಸೇರಿಸಬೇಕೆಂದು ಸಹೋದ್ಯೋಗಿಗಳಲ್ಲಿ ವಿನಂತಿ. ಈ ಸಾಧನವನ್ನು ಒಂದು ದಿನ ಬಳಸಲು ಎಷ್ಟು ಜೂಲ್ ಶಕ್ತಿ, ಎಷ್ಟು ನಿಮಿಷ, ಎಷ್ಟು ರೂಪಾಯಿ ಬೇಕು, ಅದನ್ನು ಕೊಡುವವರು ಯಾರು? ಇದರಲ್ಲಿ ಮೊದಲು ಕೆಡುವ ಭಾಗ ಯಾವುದು, ಅದನ್ನು ಯಾರು, ಎಲ್ಲಿಂದ ತಂದು ಸರಿಪಡಿಸುತ್ತಾರೆ? ಇದನ್ನು ಯಾರಿಗಾಗಿ ಮಾಡಿದಿರೋ ಅವರ ಮನೆಗೆ ಎಷ್ಟು ಸಲ ಹೋಗಿದ್ದಿರಿ, ಅವರ ಮಾತು ಕೇಳಿದ ಮೇಲೆ ನಿಮ್ಮ ನಕ್ಷೆಯಲ್ಲಿ ಏನು ಬದಲಾಯಿತು?

ಇವುಗಳಲ್ಲಿ ಮೊದಲನೆಯದಕ್ಕೆ ಹತ್ತನೇ ತರಗತಿಯ ಭೌತವಿಜ್ಞಾನ ಸಾಕು. ಪ್ಲೇಪಂಪಿಗೆ ಪ್ರಶಸ್ತಿ ಕೊಟ್ಟವರು ಆ ಒಂದು ಭಾಗಾಕಾರ ಮಾಡಿದ್ದರೆ ಎಷ್ಟೋ ಹಳ್ಳಿಗಳ ಹೆಂಗಸರ ಬೆನ್ನು ಉಳಿಯುತ್ತಿತ್ತು. ಎರಡನೆಯದನ್ನು ಸೈಕಲ್ ರಿಪೇರಿಯವನಿಂದಲೂ ಕಲಿಯಬಹುದು. ಮೂರನೆಯದಕ್ಕೆ ಮಾತ್ರ ಪ್ರಯೋಗಾಲಯ ಬಿಟ್ಟು ಹೊರಗೆ ಹೋಗಬೇಕು.

ಕಳೆದ ಬಾರಿಯ ಪ್ರದರ್ಶನವೊಂದರಲ್ಲಿ ಪ್ರೌಢಶಾಲೆಯ ಹುಡುಗಿಯೊಬ್ಬಳು ಕಾಲಿನಿಂದ ಒತ್ತುವ ನೀರೆತ್ತುವ ಸಾಧನವನ್ನು ತಂದಿದ್ದಳು. ಎಷ್ಟು ಖರ್ಚಾಯಿತೆಂದು ಕೇಳುವ ಬದಲು, ಒಂದು ಕೊಡ ತುಂಬಲು ಎಷ್ಟು ಸಲ ಒತ್ತಬೇಕು ಎಂದು ಕೇಳಿದೆ. ಆಕೆ ಎಣಿಸಿರಲಿಲ್ಲ. ಅಲ್ಲಿಯೇ ಬಕೆಟ್ ತರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅವಳ ತಾಯಿಯನ್ನೇ ಕರೆದು ಒತ್ತಿಸಿದೆವು. 212 ಸಲ. ತಾಯಿ ಏದುಸಿರು ಬಿಡುತ್ತ ನಕ್ಕು, ಹಗ್ಗ ರಾಟೆಯೇ ವಾಸಿ ಎಂದರು. ಹುಡುಗಿ ಸಪ್ಪಗಾಗಲಿಲ್ಲ, ಪೆನ್ನು ತೆಗೆದು ಆ ಸಂಖ್ಯೆಯನ್ನು ತನ್ನ ಫಲಕದ ಮೇಲೆ ಬರೆದುಕೊಂಡಳು. ನಾವು ಆಕೆಗೆ ಪೂರ್ಣ ಅಂಕ ಕೊಟ್ಟೆವು.